ಎರಡನೇ ಸಾಲಿನ ಬ್ಯಾಟರಿ

ಮೂರು ಸ್ಕ್ರೂಗಳು ಸುಲಭವಾಗಿ ಬಂದವು. ನಾಲ್ಕನೆಯದು ಹಠ ಹಿಡಿಯಿತು.

ಅಂಬುಜಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸ್ಕ್ರೂಡ್ರೈವರನ್ನು ಅಂಗೈಯಿಂದ ಒತ್ತಿ ತಿರುಗಿಸಿದಳು. ಪಕ್ಕದಲ್ಲಿ ಮನೆ ಮಾಲೀಕ ಕೆಂಚಪ್ಪ ನಿಂತಿದ್ದ. ಪತ್ತೇದಾರಿಕೆಗೆ ಬಂದ ಹೆಂಗಸು ರಿಪೇರಿಗೆ ಕೂತಳಲ್ಲ ಎಂಬ ಬೇಸರ ಅವನ ಮುಖದ ತುಂಬ ಇತ್ತು.

"ಏನಮ್ಮಾ, ಹುಡುಗ ಹೋಗಿ ಹನ್ನೆರಡು ದಿನ ಆಯ್ತು. ಡಬ್ಬಿ ಒಳಗೆ ಕೂತಿರ್ತಾನಾ ಅವನು?"

"ಕೂತಿರಲ್ಲ ಗೌಡ್ರೇ. ಏನಾದ್ರೂ ಬಿಟ್ಟು ಹೋಗಿರ್ತಾನೆ."

ಹೇರೋಹಳ್ಳಿಯ ಈ ತಾರಸಿ ಕೋಣೆಯಿಂದ ಧ್ರುವ ಎಂಬ ಗಿಟಾರ್ ವಾದಕ ಒಂದು ಮಾತೂ ಹೇಳದೆ ಕಾಣೆಯಾಗಿದ್ದ. ಅವನು ಬದುಕಿದ್ದಾನೋ ಇಲ್ಲವೋ ಅಷ್ಟನ್ನಾದರೂ ತಿಳಿಸಿ ಎಂದು ಅವನ ಅಕ್ಕ ಶುಭಾ ಅಂಬುಜಾಳ ಆಫೀಸಿನಲ್ಲಿ ಕಣ್ಣೀರು ಹಾಕಿ ಎಂಟು ದಿನವಾಗಿತ್ತು. ಪೊಲೀಸರು ಕೋಣೆಯನ್ನು ಐದು ನಿಮಿಷ ನೋಡಿದ್ದರು. ಗಿಟಾರ್ ಇಲ್ಲ, ಬ್ಯಾಗಿಲ್ಲ, ಚಪ್ಪಲಿಯಿಲ್ಲ. ತಾನಾಗಿಯೇ ಹೋಗಿದ್ದಾನೆ, ತಾನಾಗಿಯೇ ಬರುತ್ತಾನೆ ಎಂದು ಕೈ ತೊಳೆದುಕೊಂಡಿದ್ದರು.

ಅವನು ಬಿಟ್ಟು ಹೋದದ್ದು ಎರಡೇ. ಗೋಡೆಗೆ ಒರಗಿಸಿದ, ದಪ್ಪ ತಂತಿಯ, ಮಂದ್ರ ದನಿಯ ಒಂದು ಬೇಸ್ ಗಿಟಾರ್. ನೆಲದ ಮೇಲಿನ ಈ ಹಲಗೆ.

ಹಳೇ ಮಂಚದ ಹಲಗೆ ಅದು. ಅದರ ಮೇಲೆ ಎರಡು ಸಾಲಿನಲ್ಲಿ ಹತ್ತು ತಗಡಿನ ಪೆಟ್ಟಿಗೆಗಳು. ಗೋಡೆಯೊಳಗೆ ಸ್ವಿಚ್ ಕೂರಿಸುತ್ತಾರಲ್ಲ, ಅಂಥವೇ. ಒಂದೊಂದರ ಮೇಲೂ ಕಾಲಲ್ಲಿ ಒತ್ತುವ ಗುಂಡಿ, ಹಳೆಯ ರೇಡಿಯೊಗಳಿಂದ ಕಿತ್ತ ತಿರುಗಣೆ, ಒಂದು ಪುಟ್ಟ ಕೆಂಪು ದೀಪ. ತಂತಿ ಮೀಟಿದ ಸದ್ದು ಈ ಪೆಟ್ಟಿಗೆಗಳನ್ನು ಒಂದೊಂದಾಗಿ ಹಾಯುತ್ತ ಒಂದರಲ್ಲಿ ಒರಟಾಗಿ, ಇನ್ನೊಂದರಲ್ಲಿ ನಡುಗಿ, ಮತ್ತೊಂದರಲ್ಲಿ ಬಾವಿಗೆ ಕೂಗಿದ ಹಾಗೆ ಮಾರ್ದನಿಯಾಗಿ ಹೊರಬರುತ್ತದೆ. ಪೆಡಲ್ ಬೋರ್ಡ್ ಅನ್ನುತ್ತಾರೆ. ಬೇರೆಯವರು ಅಂಗಡಿಯಲ್ಲಿ ಕೊಳ್ಳುತ್ತಾರೆ. ಧ್ರುವ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಒಂದೊಂದು ಬೆಸುಗೆಯನ್ನೂ ತಾನೇ ಹಾಕಿದ್ದ.

ಮೇಲಿನ ಸಾಲು ಗಿಟಾರಿಗೆ. ಕೆಳಗಿನ ಸಾಲು ಬೇಸಿಗೆ. ಒಬ್ಬನೇ ಇದ್ದ ಕೋಣೆಯಲ್ಲಿ ಇಬ್ಬರಿಗಾಗುವಷ್ಟು ಪೆಟ್ಟಿಗೆಗಳು. ಒಳಗೆ ಕಾಲಿಟ್ಟಾಗಿನಿಂದ ಅಂಬುಜಾಳನ್ನು ಕೊರೆಯುತ್ತಿದ್ದದ್ದು ಇದೇ.

ನಾಲ್ಕನೇ ಸ್ಕ್ರೂ ಕೊನೆಗೂ ಸೋತಿತು. ಕೆಳಗಿನ ಸಾಲಿನ ಮೊದಲ ಪೆಟ್ಟಿಗೆಯ ಮುಚ್ಚಳ ಕೈಗೆ ಬಂತು.

ಪೆಡಲ್ ಕಟ್ಟುವವರಲ್ಲಿ ಒಂದು ರೂಢಿಯಿದೆ. ಹೊರಗೆ ಹೆಸರು ಹಾಕುವುದಿಲ್ಲ, ಮುಚ್ಚಳದ ಒಳಮೈಯಲ್ಲಿ ಬರೆಯುತ್ತಾರೆ. ಕಟ್ಟಿದ ದಿನ, ಒಂದು ಸಹಿ. ಕೆಟ್ಟಾಗ ಬಿಚ್ಚಿದವರಿಗೆ ಮಾತ್ರ ಕಾಣುವಂಥದ್ದು. ಧ್ರುವ ಸಹಿ ಹಾಕಿರಲಿಲ್ಲ. ಕಪ್ಪು ಮಾರ್ಕರಿನಲ್ಲಿ ದುಂಡಗೆ ಬರೆದಿದ್ದ: "ಭಾನುವಾರ. ಸದ್ದು ಚೆನ್ನಾಗಿ ಬಂತು. ಕೇಳಿಸೋಣ ಅಂದ್ರೆ ಯಾರೂ ಇಲ್ಲ."

ಅಂಬುಜಾ ಅದನ್ನು ಎರಡು ಸಲ ಓದಿದಳು.

ಇಪ್ಪತ್ತೆಂಟು ವರ್ಷ ಪಾಲಿಟೆಕ್ನಿಕ್ಕೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಹುಡುಗರ ಬೆಸುಗೆ ತಿದ್ದಿದವಳು ಅವಳು. ಅತ್ತಿಗುಪ್ಪೆಯ ಪತ್ತೇದಾರಿ ಆಫೀಸು ಗಂಡ ಲಕ್ಷ್ಮೀಪತಿಯದು. ಪೊಲೀಸ್ ಕೆಲಸದಿಂದ ನಿವೃತ್ತನಾದ ಮೇಲೆ ತೆರೆದದ್ದು. ಅವನು ತೀರಿಕೊಂಡು ಎರಡು ವರ್ಷವಾದರೂ ಬೋರ್ಡಿನಲ್ಲಿ ಅವನದೇ ಹೆಸರು. ಬಂದವರು "ಸಾರ್ ಇಲ್ವಾ?" ಎನ್ನುತ್ತಾರೆ. "ನಾನೇ ನೋಡ್ಕೋತೀನಿ, ಹೇಳಿ" ಎನ್ನುತ್ತಾಳೆ. ಮೊದಲ ಕೇಸು ಗೆದ್ದ ದಿನ ರಾಜಾಜಿನಗರದ ಮನೆಗೆ ಬಂದು ಬಾಗಿಲು ತೆರೆಯುತ್ತಲೇ "ರೀ, ಸಿಕ್ಕಿದ ಕಣ್ರೀ" ಎಂದು ಕೂಗಿಯೇ ಬಿಟ್ಟಿದ್ದಳು. ಆಮೇಲೆ ಚಪ್ಪಲಿಯನ್ನೂ ಬಿಡದೆ ಹಾಲಿನಲ್ಲಿ ಒಂದು ಗಂಟೆ ಕೂತಿದ್ದಳು.

"ಅಮ್ಮಾ?" ಕೆಂಚಪ್ಪ ಕೆಮ್ಮಿದ. "ಸೋಮವಾರ ಹೊಸ ಬಾಡಿಗೆಯವ್ರು ಬರ್ತಾರೆ. ಇದ್ನೆಲ್ಲ ಗುಜರಿಗೆ ಹಾಕ್ಬುಡ್ತೀನಿ, ಆಮೇಲೆ ಕೇಳ್ಬೇಡಿ."

"ಒಂದ್ ನಿಮಿಷ ಇರಿ."

ಅವಳ ಕಣ್ಣು ಪೆಟ್ಟಿಗೆಯೊಳಗೆ ನೆಟ್ಟಿತ್ತು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ಅದರ ಕೆಂಪು ವೈರು ಹೋಗಬೇಕಾದ ಕಡೆಗೇ ಹೋಗಿದೆ. ಕಪ್ಪು ವೈರು ಮಾತ್ರ ನೇರ ಹೋಗದೆ ಸುತ್ತು ಹಾಕಿ, ಕೇಬಲಿನ ಪಿನ್ನು ಚುಚ್ಚುವ ತೂತಿನ ಬಳಿ ಕೊನೆಗೊಂಡಿದೆ. ಪಿನ್ನು ಒಳಗಿದ್ದರೆ ಬ್ಯಾಟರಿ ಕೆಲಸಕ್ಕೆ ನಿಲ್ಲುತ್ತದೆ. ಹೊರಗೆಳೆದರೆ ಮಲಗುತ್ತದೆ. ಬೇರೆ ಸ್ವಿಚ್ಚೇ ಬೇಡ. ಜಾಣ ಕೆಲಸ.

ಮೇಲಿನ ಸಾಲಿನಲ್ಲಿ ಪಿನ್ನು ಎಳೆದಿಟ್ಟಿತ್ತು. ಕೇಬಲನ್ನು ಅಚ್ಚುಕಟ್ಟಾಗಿ ಸುತ್ತಿ ಇಟ್ಟಿತ್ತು, ಮೇಲೆ ಧೂಳು ಕೂತಿತ್ತು. ಕೆಳಗಿನ ಸಾಲಿನಲ್ಲಿ ಪಿನ್ನು ಚುಚ್ಚಿದ್ದ ಹಾಗೆಯೇ ಇತ್ತು.

ಅಂಬುಜಾ ಚೀಲದಿಂದ ಮಲ್ಟಿಮೀಟರ್ ತೆಗೆದು ಬ್ಯಾಟರಿಗೆ ಮುಟ್ಟಿಸಿದಳು. ಒಂಬತ್ತು ಪಾಯಿಂಟ್ ಒಂದು. ಗುಂಡಿ ಒತ್ತಿದಳು. ಕೆಂಪು ದೀಪ ಫಕ್ಕನೆ ಹೊತ್ತಿಕೊಂಡಿತು.

"ಗೌಡ್ರೇ, ರೂಮಿಗೆ ಬೀಗ ಯಾವತ್ತು ಹಾಕಿದ್ರಿ?"

"ಅವ್ನು ಹೋದ ಮಾರನೇ ದಿನಾನೇ. ಬಾಗ್ಲು ತೆಗ್ದೇ ಇತ್ತು. ಮೇನ್ ಸ್ವಿಚ್ಚೂ ಇಳ್ಸಿವ್ನಿ, ಕರೆಂಟ್ ಯಾಕೆ ದಂಡ ಅಂತ." ಪಂಚೆ ಸರಿಸಿ ಉಡಿದಾರಕ್ಕೆ ಕಟ್ಟಿದ್ದ ಕೀಲಿಯನ್ನು ಅವನು ಹೆಮ್ಮೆಯಿಂದ ತೋರಿಸಿದ. "ಸ್ನಾನಕ್ಕೆ ಹೋದ್ರೂ ಬಿಚ್ಚಲ್ಲ."

"ಅಂದ್ರೆ ಹನ್ನೊಂದು ದಿನದಿಂದ ಯಾರೂ ಒಳಗೆ ಬಂದಿಲ್ಲ."

"ಇಲಿ ಬಂದಿದ್ರೆ ಗೊತ್ತಿಲ್ಲ."

"ಇಲಿ ಬ್ಯಾಟರಿ ಹಾಕಲ್ಲ ಗೌಡ್ರೇ." ಅಂಬುಜಾ ದೀಪ ತೋರಿಸಿದಳು. "ನೋಡಿ, ಈ ಪಿನ್ ಚುಚ್ಚಿದ್ರೆ ಸಾಕು, ಬ್ಯಾಟರಿ ಖರ್ಚಾಗ್ತಾ ಇರುತ್ತೆ. ಚುಚ್ಚಿ ಮರೆತು ಹೋದ್ರೆ ಮೂರು ದಿನ, ತಪ್ಪಿದ್ರೆ ನಾಲ್ಕು. ಐದನೇ ದಿನ ಸತ್ತೇ ಹೋಗಿರುತ್ತೆ. ಇದು ನೆನ್ನೆ ಅಂಗಡಿಯಿಂದ ತಂದ ಹಾಗಿದೆ."

ಕೆಂಚಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಸಿಟ್ಟು ನೆತ್ತಿಗೇರಿತು.

"ನನ್ ಬೀಗ ಹಾಕಿರೋ ರೂಮಿಗೆ? ಯಾವನವ್ನು?"

"ಇನ್ನೊಂದು ಕೀ ಎಲ್ಲಿದೆ?"

ಅವನು ಧಡಧಡ ಮೆಟ್ಟಿಲಿಳಿದ. "ಕುಸುಮಾ! ಮೇಡಮ್ಮೋರಿಗೆ ಕಾಫಿ ಮಾಡವ್ವಾ!" ಎಂದು ಕೂಗಿದ್ದು ಕೇಳಿಸಿತು. ಎರಡು ನಿಮಿಷಕ್ಕೆ ಏದುಸಿರು ಬಿಡುತ್ತ ವಾಪಸು ಬಂದ. ಹೊಸಿಲಲ್ಲಿ ಅಡ್ಡಬಿದ್ದಿದ್ದ ಉದ್ದನೆಯ ಕೇಬಲ್ ಅವನ ಕಾಲಿಗೆ ತೊಡರಿತು. ಇವತ್ತು ಇದು ಮೂರನೇ ಸಲ.

"ದೇವ್ರ ಪಟದ ಹಿಂದೆ ಮೊಳೆಗೆ ತಗುಲಾಕಿದ್ದು ಹಾಗೇ ಐತೆ."

"ಮನೇಲಿ ಯಾರ್ಯಾರು ಇರ್ತೀರಿ?"

"ನಾನು, ಮಗ ಭೈರೇಶ, ಸೊಸೆ ಕುಸುಮಾ. ಅವ್ನು ಬೆಳಿಗ್ಗೆ ಸೈಟು ತೋರ್ಸಕ್ಕೆ ಹೋದ್ರೆ ಕತ್ತಲಾದ್ಮೇಲೇ ಬರೋದು. ನಾನು ಉಂಡ್ಮೇಲೆ ಎರಡು ಗಂಟೆ ಅರಳೀಕಟ್ಟೆ ಮೇಲೆ. ಸೊಸೆ ಮೇಲಕ್ಕೆ ಬರಾಕಿಲ್ಲ. ಬಟ್ಟೆ ಒಣಗಾಕೋದೂ ಕೆಳಗಡೇನೇ. ಒಂದು ಮಾತಾಡೋ ಹೆಣ್ಣಲ್ಲ ಅದು."

ಅಷ್ಟರಲ್ಲಿ ಕುಸುಮಾ ಕಾಫಿ ತಂದಳು. ಮೂವತ್ತೈದರ ಆಸುಪಾಸು, ಅಳುಕಿನ ಮುಖ. ತಟ್ಟೆಯ ಮೇಲೆ ಎರಡು ಸ್ಟೀಲ್ ಲೋಟ, ತುಂಬಿ ಹೊಗೆಯಾಡುತ್ತಿದ್ದವು. ಕಣ್ಣು ಲೋಟದ ಮೇಲೆಯೇ ಇತ್ತು. ಹೊಸಿಲ ಬಳಿ ಅವಳ ಕಾಲು ತಾನಾಗಿ ಎತ್ತರಕ್ಕೆ ಎದ್ದು ಕೇಬಲನ್ನು ದಾಟಿತು.

ಅಂಬುಜಾ ನೋಡಿದಳು.

ಕುಸುಮಾ ತಟ್ಟೆಯನ್ನು ನೆಲಕ್ಕಿಟ್ಟು, ಬಲಗೈಗೆ ವೇಲ್ ಸುತ್ತಿಕೊಂಡು ಒಂದು ಲೋಟ ಎತ್ತಿ ಮಾವನಿಗೆ ಕೊಟ್ಟಳು. ಇನ್ನೊಂದನ್ನು ಎಡಗೈಯ ಬೆರಳ ತುದಿಗಳಲ್ಲಿ ಬಟ್ಟೆಯಿಲ್ಲದೆಯೇ ಹಿಡಿದು ಎತ್ತಿದಳು. ಅಂಬುಜಾಳ ಕೈಗೆ ಬಂದ ಲೋಟ ಕೆಂಡದ ಹಾಗಿತ್ತು. ಅವಳು "ಹಾ" ಎಂದು ನೆಲಕ್ಕಿಟ್ಟುಬಿಟ್ಟಳು.

ಬಲಗೈಗೆ ಸುಡುವ ಲೋಟ ಎಡಗೈಯ ತುದಿಗಳಿಗೆ ಸುಡುವುದಿಲ್ಲ.

ಕೆಂಚಪ್ಪನ ಫೋನು ಬಡಿದುಕೊಂಡಿತು. ಬಾಡಿಗೆಯ ಬ್ರೋಕರು. "ಗೇಟ್ ಹತ್ರಾನೇ ಇದೀಯಾ? ಬಂದೆ ಇರು" ಎನ್ನುತ್ತ ಅವನು ಲೋಟ ಹಿಡಿದೇ ಕೆಳಗಿಳಿದ. ಕುಸುಮಾ ಹಿಂದೆಯೇ ಹೊರಟಳು.

"ಕುಸುಮಾ, ಕೂತ್ಕೊಳ್ಳಮ್ಮ."

"ಒಲೆ ಮೇಲೆ ಹಾಲಿಟ್ಟಿದೀನಿ ಮೇಡಂ."

"ಎಡಗೈ ತೋರ್ಸು."

ಕುಸುಮಾ ಕೈಯನ್ನು ವೇಲಿನೊಳಗೆ ಎಳೆದುಕೊಂಡಳು. ಅಷ್ಟರಿಂದಲೇ ಉತ್ತರ ಸಿಕ್ಕಂತಾಗಿತ್ತು. ಆದರೂ ಅಂಬುಜಾ ಎದ್ದು ಹೋಗಿ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು. ನಾಲ್ಕು ಬೆರಳ ತುದಿಗಳೂ ಕಾಯಿಕಟ್ಟಿ ಗಟ್ಟಿಯಾಗಿದ್ದವು. ಒಂದೊಂದರ ಮೇಲೂ ದಪ್ಪ ತಂತಿಯ ಗೆರೆ.

"ಪಾತ್ರೆ ತಿಕ್ಕಿದ್ರೆ ಹೀಗಾಗಲ್ಲ."

"ನಾನೇನೂ ಮಾಡಿಲ್ಲ ಮೇಡಂ."

"ನೀನೇನೋ ಮಾಡಿದೀಯ ಅಂತ ನಾನೂ ಅಂದಿಲ್ಲ. ಆದ್ರೆ ಕಾಣೆಯಾದವನ ರೂಮಿಗೆ ಕದ್ದು ಬರ್ತಾ ಇದ್ದದ್ದು ನೀನೊಬ್ಬಳೇ. ಇದನ್ನ ನಾನು ಸ್ಟೇಷನ್ನಿಗೆ ಹೇಳಿದ್ರೆ ಮೊದಲು ಬಾಗಿಲು ತಟ್ಟೋದು ನಿನ್ನ ಮನೇದು."

ಕುಸುಮಾ ಕುಸಿದು ಕೂತಳು. ಕೂತದ್ದು ಹಲಗೆಯ ಎದುರು, ಕೆಳಗಿನ ಸಾಲಿನ ನೇರಕ್ಕೆ. ಅದು ಅವಳ ಜಾಗವೆಂದು ಯಾರಿಗಾದರೂ ತಿಳಿಯುತ್ತಿತ್ತು.

"ನಮ್ಮಡುಗೆಮನೆ ಇದರ ಕೆಳಗೇ ಇರೋದು," ಎಂದಳು. ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗಿತ್ತು. "ಅವ್ರು ಬೇಸ್ ನುಡಿಸಿದ್ರೆ ಸ್ಟ್ಯಾಂಡಲ್ಲಿರೋ ಲೋಟಗಳೆಲ್ಲ ನಡುಗ್ತಾ ಇದ್ವು. ಬೈಯೋಣ ಅಂತ ಒಂದಿನ ಮೇಲೆ ಬಂದೆ. ಬೈಯೋಕಾಗ್ಲಿಲ್ಲ. ನಿಂತ್ಕೊಂಡ್ ಕೇಳ್ದೆ. ನೀವೂ ನೋಡ್ತೀರಾ ಅಂತ ಕೈಗೆ ಕೊಟ್ರು."

"ಯಾವಾಗಿದು?"

"ಎಂಟು ತಿಂಗಳಾಯ್ತು. ಮಾವ ಕಟ್ಟೆಗೆ ಹೋದ್ಮೇಲೆ ಅರ್ಧ ಗಂಟೆ. ಸದ್ದು ಹೊರಗೆ ಹೋಗದೇ ಇರ್ಲಿ ಅಂತ ನಂಗೋಸ್ಕರ ಕೊನೇ ಡಬ್ಬಿ ಮಾಡ್ಕೊಟ್ರು. ಅದಕ್ಕೆ ಹೆಡ್‌ಫೋನ್ ಹಾಕ್ಬೋದು. ಅವ್ರು ಮೇಲಿನ ಸಾಲು, ನಾನು ಕೆಳಗಿನ ಸಾಲು." ಅವಳು ತಲೆಯೆತ್ತಿದಳು. "ತಪ್ಪು ತಿಳ್ಕೋಬೇಡಿ ಮೇಡಂ. ಅವ್ರು ನನ್ನ ಒಂದಿನಾನೂ ಬೇರೆ ಥರ ನೋಡಿಲ್ಲ. ಮಾತಾಡ್ತಾ ಇದ್ದದ್ದೇ ಕಮ್ಮಿ. ಮದುವೆಯಾಗಿ ಹದಿಮೂರು ವರ್ಷ ಆಯ್ತು. ಈ ಮನೇಲಿ ನಂಗೆ ಅಂತ ಇದ್ದದ್ದು ಆ ಅರ್ಧ ಗಂಟೆ ಒಂದೇ."

ಅಂಬುಜಾಳಿಗೆ ಕಳ್ಳನ ಹೆಜ್ಜೆ ಹುಡುಕುತ್ತ ಬಂದು ತನ್ನಂಥವಳೇ ಒಬ್ಬಳ ಎದುರು ಕೂತಂತಾಗಿತ್ತು.

"ಅವನು ಹೋದ ಮೇಲೂ ಬಂದೆ."

"ದಿನಾ ಬಂದೆ. ಕರೆಂಟ್ ಇರ್ಲಿಲ್ಲ, ಬ್ಯಾಟರಿ ತಂದು ಹಾಕ್ದೆ. ಮುಗಿದ ಕೂಡ್ಲೇ ಪಿನ್ ತೆಗೀಬೇಕು ಅಂತ ಅವ್ರು ನೂರು ಸಲ ಹೇಳಿದ್ರು. ನೆನ್ನೆ ಗೇಟ್ ಸದ್ದಾಯ್ತು. ಮಾವ ಬಂದ್ರು ಅಂತ ಎದ್ದೂ ಬಿದ್ದೂ ಓಡಿದೆ."

"ಈಗ ಹೇಳು. ಧ್ರುವ ಬದುಕಿದಾನಾ?"

ಕುಸುಮಾ ಬಾಗಿಲ ಕಡೆ ನೋಡಿದಳು. ಕೆಳಗೆ ಗೇಟಿನ ಬಳಿ ಕೆಂಚಪ್ಪ ಬ್ರೋಕರಿನ ಮೇಲೆ ರೇಗುತ್ತಿದ್ದದ್ದು ಕೇಳುತ್ತಿತ್ತು.

"ನೀವು ಅವ್ರಿಗೆ ಕೇಡು ಮಾಡೋರಲ್ಲ ತಾನೇ?"

"ನಮ್ಮ ಯಜಮಾನ್ರ ಮೇಲಾಣೆ, ಅಲ್ಲ."

"ಯಾರು ಕಳಿಸಿದ್ದು ನಿಮ್ಮನ್ನ?"

"ಅದನ್ನ ಹೇಳೋ ಹಾಗಿಲ್ಲ ಕಣಮ್ಮ. ಅವನ ಒಳ್ಳೇದು ಬಯಸೋರು ಅಂತ ಮಾತ್ರ ತಿಳ್ಕೋ."

ಕಳಿಸಿದವರ ಹೆಸರು ಯಾರಿಗೂ ಬಾಯಿಬಿಡಬಾರದು. ಲಕ್ಷ್ಮೀಪತಿ ಹಾಕಿಕೊಟ್ಟ ನಿಯಮ. ಕೆಂಚಪ್ಪನಿಗೂ ಅವಳು ಶುಭಾಳ ಹೆಸರು ಹೇಳಿರಲಿಲ್ಲ.

"ಬದುಕಿದಾರೆ," ಎಂದಳು ಕುಸುಮಾ. ಹೇಳಿದ ಕೂಡಲೇ ಅವಳ ಕಣ್ಣು ತುಂಬಿತು. "ಹೋಗೋ ದಿನ ನಂಗೊಬ್ಬಳಿಗೇ ಹೇಳಿದ್ರು. ಕೆಂಗೇರಿ ಉಪನಗರದಲ್ಲಿ ಹಳೇ ಹಿಟ್ಟಿನ ಗಿರಣಿ ಇದೆಯಂತೆ, ಅದರ ಮೇಲಿನ ರೂಮು. ಗಿರಣಿ ಸದ್ದಲ್ಲಿ ಗಿಟಾರ್ ಯಾರಿಗೂ ಕೇಳ್ಸಲ್ಲ ಅಂತ ನಕ್ರು. ಯಾರೋ ಹುಡುಕ್ತಾ ಇದಾರೆ, ಯಾರು ಅಂತ ನಿಮಗೆ ಗೊತ್ತಿರೋದು ಬೇಡ ಅಂದ್ರು. ಫೋನೂ ಬಿಸಾಕಿಬಿಟ್ರು."

ಬದುಕಿದ್ದಾನೆ! ಅಂಬುಜಾಳ ಮೈ ಹಗುರವಾಯಿತು. ಎಂಟು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಅವಳಿಗೆ ಮೊದಲು ನೆನಪಾದದ್ದು ಶುಭಾ.

ಕೇಸು ಕೊಟ್ಟವರು ಫೋನ್ ಮಾಡಿದರೆ ಏನಾಯಿತು ಎಂದು ಕೇಳುತ್ತಾರೆ. ಶುಭಾ ಹಾಗಲ್ಲ. ದಿನಾ ಸಂಜೆ ಏಳಕ್ಕೆ ಮಾಡುತ್ತಾಳೆ, "ಅಕ್ಕಾ, ಊಟ ಆಯ್ತಾ? ಬಿಸಿಯಾಗಿ ಏನಾದ್ರೂ ಮಾಡ್ಕೊಳ್ಳಿ" ಎನ್ನುತ್ತಾಳೆ. ತಮ್ಮನ ವಿಷಯ ಬರುವುದು ಆಮೇಲೆ. ಎರಡು ವರ್ಷದಲ್ಲಿ ಅಂಬುಜಾಳ ಊಟವನ್ನು ವಿಚಾರಿಸಿದ ಜೀವ ಇನ್ನೊಂದಿರಲಿಲ್ಲ. ಏಳು ಗಂಟೆಯಾಗುವುದನ್ನೇ ಅವಳು ಕಾಯತೊಡಗಿದ್ದಳು. ಒಪ್ಪಿಕೊಳ್ಳಲು ನಾಚಿಕೆ, ಆದರೆ ನಿಜ.

ಲಕ್ಷ್ಮೀಪತಿಯಾಗಿದ್ದರೆ ಮೊದಲು ಗಿರಣಿಗೆ ಹೋಗಿ ಹುಡುಗನನ್ನು ಕಣ್ಣಾರೆ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಆದರೆ ಹೆದರಿ ಕೂತವನಿಗೆ ಒಡಹುಟ್ಟಿದವಳಿಗಿಂತ ಇನ್ನಾರು ಬೇಕು? ಅಲ್ಲೊಬ್ಬಳು ತಮ್ಮ ಸತ್ತನೋ ಎಂದು ನಿದ್ದೆಗೆಟ್ಟಿರುವಾಗ ಇಲ್ಲಿಂದ ಕೆಂಗೇರಿಗೆ ಹೋಗುವ ತನಕ ಅವಳನ್ನು ಕಾಯಿಸುವುದು ಯಾವ ನ್ಯಾಯ?

ಅವಳು ಫೋನ್ ತೆಗೆದು ಟೈಪ್ ಮಾಡಿದಳು. "ಸಿಕ್ಕಿದ. ಕ್ಷೇಮವಾಗಿದ್ದಾನೆ. ಕೆಂಗೇರಿ ಉಪನಗರ, ಹಳೇ ಹಿಟ್ಟಿನ ಗಿರಣಿ ಮೇಲಿನ ರೂಮು. ಇನ್ನು ಅಳಬೇಡ." ಕಳಿಸಿದಳು.

ಕುಸುಮಾ ಅಷ್ಟರಲ್ಲಿ ಎದ್ದು ಗೋಡೆಗೊರಗಿದ್ದ ಬೇಸ್ ಗಿಟಾರನ್ನು ವೇಲಿನಿಂದ ಒರೆಸುತ್ತಿದ್ದಳು.

"ಸೋಮವಾರ ಇದನ್ನೂ ಗುಜರಿಗೆ ಹಾಕ್ತಾರೆ. ನೀವು ತಗೊಂಡ್ ಹೋಗಿ ಅವ್ರಿಗೆ ಕೊಟ್ಬಿಡಿ ಮೇಡಂ. ಇದಂದ್ರೆ ಅವ್ರಿಗೆ ಪ್ರಾಣ."

"ಅವನು ಗಿಟಾರ್ ನುಡಿಸೋನಲ್ವಾ? ಬೇಸ್ ಯಾಕೆ ಇಟ್ಕೊಂಡಿದ್ದ?"

"ಇದು ಅವ್ರದ್ದಲ್ಲ, ಅವರಕ್ಕಂದು. ಅಕ್ಕ ಬೇಸ್, ತಮ್ಮ ಗಿಟಾರ್. ಚಿಕ್ಕೋರಿದ್ದಾಗಿಂದ ಇಬ್ರೂ ಒಟ್ಟಿಗೇ ನುಡಿಸೋರಂತೆ. ಕೆಳಗಿನ ಸಾಲು ಇರೋದೇ ಅದಕ್ಕೆ."

ಅಂಬುಜಾ ಮುಗುಳ್ನಕ್ಕಳು. ಒಬ್ಬನಿಗೆ ಎರಡು ಸಾಲು ಯಾಕೆ ಎಂಬ ಗಂಟು ಬಿಚ್ಚಿತ್ತು. "ಶುಭಾ ಬೇಸ್ ನುಡಿಸ್ತಾಳೆ ಅಂತ ನಂಗೆ ಹೇಳೇ ಇಲ್ಲ ನೋಡು."

ಒರೆಸುತ್ತಿದ್ದ ಕೈ ನಿಂತಿತು.

"ಶುಭಾ ಅವ್ರ ಹೆಸರು ನಿಮಗೆ ಹೇಗೆ ಗೊತ್ತು?"

"ಹೋಗ್ಲಿ ಬಿಡು, ಇನ್ನೇನು ಮುಚ್ಚಿಡೋದು. ನನ್ನ ಕಳಿಸಿದ್ದೇ ಅವಳು. ಈಗ ತಾನೇ ವಿಷಯ ತಿಳಿಸ್ದೆ."

"ಯಾರಿಗೆ?"

"ಶುಭಾಗೆ. ಧ್ರುವನ ಅಕ್ಕನಿಗೆ."

ಕುಸುಮಾ ಬೇಸ್ ಗಿಟಾರನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಮೇಡಂ, ಶುಭಾ ಅಕ್ಕ ತೀರ್ಕೊಂಡು ಮೂರು ವರ್ಷ ಆಯ್ತು. ಅಪಘಾತ ಅಂತ ಬರೆದು ಮುಗಿಸಿಬಿಟ್ರು. ಅಪಘಾತ ಅಲ್ಲ, ಯಾರು ಮಾಡಿದ್ದು ಅಂತ ನಂಗೊಬ್ಬನಿಗೇ ಗೊತ್ತು ಅಂತ ಧ್ರುವ ಅವ್ರು ಒಂದೇ ಒಂದು ಸಲ ನನ್ನ ಹತ್ರ ಹೇಳಿದ್ರು."

ಆಫೀಸಿಗೆ ಬಂದವರಿಂದ ಗುರುತಿನ ಚೀಟಿಯ ನಕಲು ತೆಗೆದುಕೊಳ್ಳದೆ ಲಕ್ಷ್ಮೀಪತಿ ಕುರ್ಚಿಯನ್ನೂ ತೋರಿಸುತ್ತಿರಲಿಲ್ಲ. ಆವತ್ತು ಅಂಬುಜಾ ಕೇಳಿರಲೇ ಇಲ್ಲ. ಬಂದವಳು "ಅಕ್ಕಾ" ಎಂದು ಕೈ ಹಿಡಿದುಕೊಂಡಿದ್ದಳು. ಅಷ್ಟು ಸಾಕಾಗಿತ್ತು.

ಅವಳು ಫೋನ್ ಎತ್ತಿಕೊಂಡಳು. ಮೆಸೇಜನ್ನು ಅಳಿಸಿಹಾಕಲು ಬೆರಳು ಒತ್ತುವಷ್ಟರಲ್ಲೇ ಅದರ ಪಕ್ಕದ ಎರಡು ಟಿಕ್ ಗುರುತುಗಳು ನೀಲಿಯಾದವು. ಓದಿಯಾಗಿತ್ತು. ಹೇರೋಹಳ್ಳಿಯಿಂದ ಉಲ್ಲಾಳದ ಮೇಲೆ ಎಷ್ಟು ಜೋರಾಗಿ ಹೋದರೂ ಕೆಂಗೇರಿಗೆ ಮುಕ್ಕಾಲು ಗಂಟೆ. ಧ್ರುವನ ಬಳಿ ಫೋನಿಲ್ಲ.

ಕೈಯಲ್ಲಿದ್ದದ್ದು ಒಂದು ಸಲ ಅದುರಿತು. ಉತ್ತರ ಬಂದಿತ್ತು.

"ತುಂಬಾ ಥ್ಯಾಂಕ್ಸ್ ಅಕ್ಕಾ. ನಾನು ಕೆಂಗೇರಿಲೇ ಇದೀನಿ. ಗಿರಣಿ ಇಲ್ಲಿಂದ ಕಾಣ್ತಿದೆ."